ರಸ್ತೆ ರೇಸಿನ ಸಿನಿಮಾ ರೇಸನ್ನೇ ಬಿಟ್ಟದ್ದು ಎಲ್ಲಿ?

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ‘ದ ಫಾಸ್ಟ್ ಅಂಡ್ ದ ಫ್ಯೂರಿಯಸ್’ ನೋಡಿ ಕಾರಿನ ಹುಚ್ಚು ಹಿಡಿಸಿಕೊಂಡವನು ನಾನು. ಆಮೇಲೆ ಬಂದ ಭಾಗಗಳನ್ನು ಸರಿಯಾಗಿ ನೋಡಿರಲಿಲ್ಲ. ಈಚೆಗೆ ಮಗನ ಜೊತೆ ಕೂತು ಒಂಬತ್ತನೆಯದನ್ನೂ ಹತ್ತನೆಯದನ್ನೂ ನೋಡಿದೆ. ಒಂದರಲ್ಲಿ ಕಾರು ಬಾಹ್ಯಾಕಾಶಕ್ಕೇ ಹೋಗುತ್ತದೆ. ಲಾರಿಯಿಂದ ಡಿವಿಡಿ ಪ್ಲೇಯರ್ ಕದಿಯುತ್ತಿದ್ದ ಹುಡುಗರು ಜಗತ್ತು ಕಾಯುವವರಾದದ್ದು ಯಾವಾಗ, ಯಾಕೆ? ಇದೆಲ್ಲ ಮೊದಲೇ ಯೋಚಿಸಿದ್ದೋ, ಹೋಗುತ್ತಾ ಹೋಗುತ್ತಾ ಹೀಗಾಯಿತೋ? ಮಗನಿಗೆ ಯಾವ ಕ್ರಮದಲ್ಲಿ ತೋರಿಸಲಿ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ತಿರುವು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು. 2011ರಲ್ಲಿ ಬಂದ ಐದನೆಯ ಭಾಗ ‘ಫಾಸ್ಟ್ ಫೈವ್’ನಲ್ಲಿ ಒಂದು ರಾತ್ರಿಯ ದೃಶ್ಯವಿದೆ. ರಿಯೊ ಡಿ ಜನೈರೊದ ಬೀದಿಯಲ್ಲಿ ಕಾರುಗಳ ಜಾತ್ರೆ ನೆರೆದಿದೆ. ಬಾನೆಟ್ ಎತ್ತಿ ನಿಲ್ಲಿಸಿದ ಗಾಡಿಗಳು, ಜೋರು ಸಂಗೀತ, ಸುತ್ತ ಹುಡುಗ ಹುಡುಗಿಯರು. ಡಾಮ್ (ವಿನ್ ಡೀಸೆಲ್) ಮತ್ತು ಬ್ರಯಾನ್ (ಪಾಲ್ ವಾಕರ್) ಅಲ್ಲಿಗೆ ಬರುತ್ತಾರೆ. ಅವರಿಗೆ ಅರ್ಜೆಂಟಾಗಿ ಒಂದು ವೇಗದ ಕಾರು ಬೇಕು. ಡಿಯೊಗೊ ಎಂಬ ಅಲ್ಲಿನ ರೇಸರ್ ಒಬ್ಬನ ಬಳಿ ನೀಲಿ ಪೋರ್ಷೆ ಇದೆ. ಮಾತಿಗೆ ಮಾತು ಬೆಳೆದು, ಕಾರಿಗೆ ಕಾರು ಎಂದು ಬಾಜಿ ಕಟ್ಟುತ್ತಾರೆ. ಹತ್ತು ವರ್ಷದಿಂದ ಈ ಸರಣಿಯನ್ನು ನೋಡಿಕೊಂಡು ಬಂದವರು ಇನ್ನೇನು ರೇಸ್ ಶುರುವಾಯಿತು ಎಂದು ಸೀಟಿನಂಚಿಗೆ ಬರುತ್ತಾರೆ. ಕಟ್. ಮುಂದಿನ ಶಾಟ್‌ನಲ್ಲಿ ನೀಲಿ ಪೋರ್ಷೆ ಇವರ ಅಡ್ಡೆಯೊಳಗೆ ಬಂದು ನಿಲ್ಲುತ್ತಿದೆ. ರೇಸ್ ನಡೆಯಿತು, ಡಾಮ್ ಗೆದ್ದ, ಅದನ್ನು ನಮಗೆ ತೋರಿಸಲಿಲ್ಲ.

ಈ ಕಟ್ ಬಹಳ ಯೋಚಿಸಿ ಹಾಕಿದ್ದು. ರೇಸಿನ ಫಲ ಕಥೆಗೆ ಬೇಕು, ರೇಸ್ ಬೇಡ. ತಂದ ಪೋರ್ಷೆಯಾದರೂ ಕೆಲಸಕ್ಕೆ ಬಂತೇ ಎಂದರೆ ಅದೂ ಇಲ್ಲ. ಪೊಲೀಸ್ ಠಾಣೆಯ ಕ್ಯಾಮೆರಾ ಕಣ್ಣು ತಪ್ಪಿಸುವಷ್ಟು ವೇಗ ಯಾವ ಕಾರಿಗೂ ಬಾರದೆ, ಕೊನೆಗೆ ಪೊಲೀಸರದೇ ಕಾರುಗಳನ್ನು ಕದಿಯುತ್ತಾರೆ. ಅಂದರೆ ಕಾರಿನ ವೇಗದಿಂದ ಬಗೆಹರಿಯದ ಸಮಸ್ಯೆ ಉಪಾಯದಿಂದ ಬಗೆಹರಿಯುತ್ತದೆ. ಅಲ್ಲಿಗೆ ಇದು ರೇಸಿನ ಸಿನಿಮಾ ಆಗಿ ಉಳಿಯಲಿಲ್ಲ, ಕಳ್ಳತನದ ಸಿನಿಮಾ ಆಯಿತು. ಆಗ ಯೂನಿವರ್ಸಲ್ ಸ್ಟುಡಿಯೋದ ಮುಖ್ಯಸ್ಥರಲ್ಲಿ ಒಬ್ಬರಾಗಿದ್ದ ಆಡಂ ಫೋಗೆಲ್ಸನ್ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದರು: ಬರೀ ಕಾರಿನ ಸಿನಿಮಾ ಎಂದರೆ ಅದಕ್ಕೆ ಬರುವ ಜನ ಇಷ್ಟೇ ಎಂದು ಗೊತ್ತಾಗಿ ಹೋಗಿತ್ತು, ಆ ಮಿತಿ ದಾಟಲು ಸರಣಿಯನ್ನು ದೊಡ್ಡ ಆಕ್ಷನ್ ಸಿನಿಮಾದ ಕಡೆ ತಿರುಗಿಸಬೇಕಿತ್ತು.

ಹಾಗಾಗಿ ‘ಯೋಚಿಸಿದ್ದೋ, ಆದದ್ದೋ’ ಎಂಬ ನಿಮ್ಮ ಪ್ರಶ್ನೆಗೆ ಎರಡು ಉತ್ತರವಿದೆ. ಐದನೆಯದರಿಂದ ಮುಂದಕ್ಕೆ ಯೋಚಿಸಿದ್ದು. ಅದಕ್ಕೆ ಹಿಂದಿನ ನಾಲ್ಕು, ಒಂದೊಂದೂ ಹಿಂದಿನದರ ಇಕ್ಕಟ್ಟಿನಿಂದ ಹುಟ್ಟಿದವು.

ನಿಮ್ಮ ಪ್ರೀತಿಯ ಮೊದಲ ಸಿನಿಮಾದಿಂದ ಶುರು ಮಾಡೋಣ. ಅದರ ಬೇರು ಒಂದು ಪತ್ರಿಕಾ ಲೇಖನದಲ್ಲಿದೆ. 1998ರಲ್ಲಿ ‘ವೈಬ್’ ಪತ್ರಿಕೆಗೆ ಕೆನ್ ಲೀ ಎಂಬ ಪತ್ರಕರ್ತ ನ್ಯೂಯಾರ್ಕಿನ ಬೀದಿ ರೇಸಿನ ಹುಡುಗರ ಬಗ್ಗೆ ಬರೆದಿದ್ದ. ಜಪಾನಿನ ಸಣ್ಣ ಕಾರು ಕೊಂಡು, ಸಂಬಳದ ದುಡ್ಡನ್ನೆಲ್ಲ ಇಂಜಿನ್ನಿಗೆ ಸುರಿದು, ರಾತ್ರಿ ಹೆದ್ದಾರಿಯಲ್ಲಿ ಕಾಲು ಮೈಲಿ ಓಡಿಸುವ ಲೋಕ ಅದು. ಸ್ಟುಡಿಯೋ ಆ ಲೇಖನದ ಹಕ್ಕು ತೆಗೆದುಕೊಂಡಿತು, ಹೆಸರನ್ನು ರೋಜರ್ ಕಾರ್ಮನ್ ನಿರ್ಮಿಸಿದ್ದ 1950ರ ದಶಕದ ಹಳೆಯ ಸಿನಿಮಾವೊಂದರಿಂದ ಪಡೆಯಿತು, ಕಥೆಯನ್ನು ಲಾಸ್ ಏಂಜಲೀಸ್‌ಗೆ ಸಾಗಿಸಿತು. ರಾಬ್ ಕೊಹೆನ್ ನಿರ್ದೇಶನ, 3.8 ಕೋಟಿ ಡಾಲರ್ ಖರ್ಚು. ಹಾಲಿವುಡ್ ಲೆಕ್ಕದಲ್ಲಿ ಇದು ದೊಡ್ಡ ಮೊತ್ತವೇನೂ ಅಲ್ಲ.

ಅದರ ಮೊದಲ ರೇಸನ್ನು ಇವತ್ತು ಇನ್ನೊಮ್ಮೆ ನೋಡಿ. ಓಟದ ದೂರ ಕಾಲು ಮೈಲಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ಒಳ್ಳೆಯ ಗಾಡಿಗೆ ಹತ್ತು ಸೆಕೆಂಡಿನ ಕೆಲಸ. ಪರದೆಯ ಮೇಲೆ ಅದು ಎಷ್ಟೋ ಹೆಚ್ಚು ಹೊತ್ತು ನಡೆಯುತ್ತದೆ. ಕ್ಯಾಮೆರಾ ಗೇರಿನ ಮೇಲಿನ ಕೈ ನೋಡುತ್ತದೆ, ಪೆಡಲ್ ಮೇಲಿನ ಕಾಲು ನೋಡುತ್ತದೆ, ಇಂಜಿನ್ನಿನ ಹೊಟ್ಟೆಯೊಳಗೇ ನುಗ್ಗಿ ಇಂಧನ ಹೊತ್ತಿಕೊಳ್ಳುವುದನ್ನು ತೋರಿಸುತ್ತದೆ. ಗುರುತು ಮರೆಸಿ ಬಂದ ಪೊಲೀಸ್ ಬ್ರಯಾನ್ ಬಳಿ ಬಾಜಿಗೆ ದುಡ್ಡಿಲ್ಲ, ತನ್ನ ಹಸಿರು ಮಿತ್ಸುಬಿಷಿ ಎಕ್ಲಿಪ್ಸ್‌ನ ಕಾಗದಪತ್ರವನ್ನೇ ಪಣಕ್ಕಿಟ್ಟಿದ್ದಾನೆ. ಇಂಜಿನ್ನಿಗೆ ಒಂದು ಗಳಿಗೆ ಹೆಚ್ಚು ಬಲ ಕೊಡುವ ನೈಟ್ರಸ್ ಗುಂಡಿಯನ್ನು ಅವಸರಪಟ್ಟು ಬೇಗ ಒತ್ತುತ್ತಾನೆ. ಲ್ಯಾಪ್‌ಟಾಪ್ ಪರದೆ ಅಪಾಯದ ಸೂಚನೆ ಕೊಡುತ್ತದೆ, ಕಾರಿನ ತಳದ ತಗಡು ಕಳಚಿ ಬೀಳುತ್ತದೆ, ಡಾಮ್ ಮುಂದೆ ಹೋಗಿಬಿಡುತ್ತಾನೆ. ಸೋತ ಮೇಲೂ ಬ್ರಯಾನ್ ಮುಖದಲ್ಲಿ ನಗು. ಡಾಮ್ ಬಾನೆಟ್ ಎತ್ತಿಸಿ, ಎಲ್ಲರೆದುರು, ಎಲ್ಲಿ ಎಲ್ಲಿ ತಪ್ಪಿದೆ ಎಂದು ಪಾಠ ಹೇಳುತ್ತಾನೆ.

ಇಲ್ಲಿ ಗಮನಿಸಬೇಕಾದ್ದು: ಓಡಿಸುವುದು ಒಂದು ಕಸುಬು, ಅದರಲ್ಲಿ ತಪ್ಪು ಮಾಡಬಹುದು, ತಪ್ಪಿಗೆ ಬೆಲೆ ತೆರಬೇಕು. ಸೋತರೆ ಕಾರು ಹೋಗುತ್ತದೆ, ಕಾರು ಎಂದರೆ ಆ ಹುಡುಗನ ಒಟ್ಟು ಆಸ್ತಿ. ಇಡೀ ಸಿನಿಮಾದ ಎಲುಬು ಒಂದು ಸಾಲ. ಬ್ರಯಾನ್ ಡಾಮ್‌ಗೆ ‘ಹತ್ತು ಸೆಕೆಂಡಿನ ಕಾರು’ ಕೊಡಬೇಕು. ಗುಜರಿಯ ಸ್ಥಿತಿಯಲ್ಲಿ ಬಂದ ಟೊಯೊಟಾ ಸುಪ್ರಾವನ್ನು ಎಲ್ಲರೂ ಸೇರಿ ಕಟ್ಟುತ್ತಾರೆ. ಕೊನೆಯಲ್ಲಿ ಪೊಲೀಸ್ ಸೈರನ್ ಹತ್ತಿರವಾಗುತ್ತಿರುವಾಗ ಬ್ರಯಾನ್ ಅದೇ ಸುಪ್ರಾದ ಕೀಲಿಯನ್ನು ಡಾಮ್ ಕೈಗಿಟ್ಟು ತಪ್ಪಿಸಿಕೊಂಡು ಹೋಗಲು ಬಿಡುತ್ತಾನೆ. ಸಾಲ ತೀರಿತು, ಪೊಲೀಸ್ ಕೆಲಸವೂ ಹೋಯಿತು. ಎರಡು ಜೀವಗಳ ನಡುವಿನ ನಂಬಿಕೆಯನ್ನು ಒಂದು ಕೀಲಿಯ ಮೂಲಕ ಹೇಳಿದ ಆ ಮುಗಿತಾಯವನ್ನು ಮುಂದಿನ ಯಾವ ಭಾಗವೂ, ಎಷ್ಟೇ ದುಡ್ಡು ಸುರಿದರೂ, ಮೀರಿಸಿದೆ ಎಂದು ನನಗೆ ಅನ್ನಿಸಿಲ್ಲ.

ಆ ಸಿನಿಮಾ ಜಗತ್ತಿನಾದ್ಯಂತ ಸುಮಾರು 20.7 ಕೋಟಿ ಡಾಲರ್ ತಂದಿತು. ಅದರಲ್ಲಿ 14.4 ಕೋಟಿ ಅಮೆರಿಕದ್ದೇ. ಈ 14.4 ನೆನಪಿನಲ್ಲಿರಲಿ.

ಎರಡನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿನ್ ಡೀಸೆಲ್ ಅದನ್ನು ಒಪ್ಪಲಿಲ್ಲ. ಜಾನ್ ಸಿಂಗಲ್ಟನ್ ಕಥೆಯನ್ನು ಮಯಾಮಿಗೆ ಒಯ್ದರು. ಬಣ್ಣ ಜಾಸ್ತಿಯಾಯಿತು, ಖರ್ಚು ಇಮ್ಮಡಿಯಾಯಿತು, ಗಳಿಕೆ ಸ್ವಲ್ಪವೇ ಏರಿತು. ಅದರಿಂದ ಉಳಿದ ಲಾಭವೆಂದರೆ ಟೈರೀಸ್ ಗಿಬ್ಸನ್ ಮತ್ತು ಲುಡಾಕ್ರಿಸ್, ಇಬ್ಬರೂ ಮುಂದೆ ಬಳಗಕ್ಕೆ ಸೇರಿಕೊಂಡರು.

ಮೂರನೆಯದರ ಮುಂದೆ ಮಾತ್ರ ಸ್ವಲ್ಪ ನಿಲ್ಲಬೇಕು. 2006ರ ‘ಟೋಕಿಯೊ ಡ್ರಿಫ್ಟ್’. ಡೀಸೆಲ್ ಇಲ್ಲ, ಪಾಲ್ ವಾಕರ್ ಕೂಡ ಇಲ್ಲ. ಹೊಸ ನಾಯಕ, ಹೊಸ ದೇಶ. ದುಡ್ಡಿನ ಲೆಕ್ಕದಲ್ಲಿ ಇದು ಸರಣಿಯ ತಳ: 8.5 ಕೋಟಿ ಹಾಕಿ ಸುಮಾರು 15.8 ಕೋಟಿ ಡಾಲರ್ ಬಂತು. ಸಿನಿಮಾ ಲೋಕದ ರೂಢಿಯಂತೆ ಅಲ್ಲಿಗೆ ಈ ಸರಣಿ ಮುಗಿಯಬೇಕಿತ್ತು. ಆದರೆ ಮುಂದೆ ಬಂದ ಎಲ್ಲದರ ಬೀಜ ಇರುವುದು ಇದರಲ್ಲೇ. ನಿರ್ದೇಶಕ ಜಸ್ಟಿನ್ ಲಿನ್ ಮತ್ತು ಬರಹಗಾರ ಕ್ರಿಸ್ ಮಾರ್ಗನ್ ಒಳಗೆ ಬಂದದ್ದು ಇಲ್ಲಿ. ಮುಂದಿನ ಮೂರೂ ಭಾಗಗಳನ್ನು ಇವರಿಬ್ಬರೇ ಜೊತೆಯಾಗಿ ಕಟ್ಟಿದರು. ಸಂಗ್ ಕಾಂಗ್ ಮಾಡಿದ ಹಾನ್ ಪಾತ್ರ ಬಂದದ್ದೂ ಇಲ್ಲೇ. ಸದಾ ಏನಾದರೂ ಕುರುಕಲು ಬಾಯಿಗೆ ಹಾಕಿಕೊಳ್ಳುತ್ತಾ, ಯಾರನ್ನೂ ಗದರದೆ, ಗೆಲ್ಲುವ ಹಟವಿಲ್ಲದೆ ಓಡಾಡುವ ಹಾನ್‌ನನ್ನು ಜನ ನಾಯಕನಿಗಿಂತ ಹೆಚ್ಚು ಮೆಚ್ಚಿದರು. ಅವನನ್ನು ಅದೇ ಸಿನಿಮಾದಲ್ಲಿ ಸಾಯಿಸಿಯೂ ಆಗಿತ್ತು.

ಓಡಿಸುವ ಕಸುಬಿನ ಬಗ್ಗೆ ಮೊದಲನೆಯದರಷ್ಟೇ ಶ್ರದ್ಧೆಯಿಂದ ಯೋಚಿಸಿದ ಇನ್ನೊಂದು ಸಿನಿಮಾ ಇದೇ. ನೇರ ಓಡಿಸಿ ಗೆಲ್ಲುವುದಷ್ಟೇ ಗೊತ್ತಿದ್ದ ಅಮೆರಿಕದ ಹುಡುಗ ಇಲ್ಲಿ ಹಿಂದಿನ ಚಕ್ರ ಜಾರಿಸಿ ತಿರುವು ದಾಟುವುದನ್ನು ಅ ಆ ಇ ಈಯಿಂದ ಕಲಿಯುತ್ತಾನೆ. ಗೋಡೆಗೆ ಗುದ್ದುತ್ತಾನೆ, ಹಾನ್‌ನ ನಿಸ್ಸಾನ್ ಸಿಲ್ವಿಯಾವನ್ನು ಪಾರ್ಕಿಂಗ್ ಕಟ್ಟಡದಲ್ಲಿ ಜಜ್ಜಿ ಹಾಕುತ್ತಾನೆ. ಕೊನೆಯ ಓಟಕ್ಕೆ ಅದೇ ಮುರಿದ ಸಿಲ್ವಿಯಾದ ಇಂಜಿನ್ನನ್ನು ಅಪ್ಪನ ಹಳೆಯ ಫೋರ್ಡ್ ಮಸ್ಟಾಂಗ್‌ಗೆ ಕೂರಿಸಿ ಬೆಟ್ಟದ ದಾರಿಯಲ್ಲಿ ಇಳಿಸುತ್ತಾನೆ. ಅಮೆರಿಕದ ಮೈ, ಜಪಾನಿನ ಎದೆ. ಒಂದು ಮಾತೂ ಆಡದೆ ಆ ಕಾರೇ ಹುಡುಗನ ಕಥೆ ಹೇಳಿಬಿಡುತ್ತದೆ. ಡ್ರಿಫ್ಟಿಂಗ್ ಲೋಕದ ದೊರೆ ಎಂದೇ ಹೆಸರಾದ ಜಪಾನಿನ ಕೈಚಿ ತ್ಸುಚಿಯಾ ಸಿನಿಮಾಕ್ಕೆ ಕಾರು ಓಡಿಸಿದ್ದಲ್ಲದೆ, ಹುಡುಗನ ಒದ್ದಾಟ ನೋಡಿ ನಗುವ ಮೀನುಗಾರನಾಗಿ ಒಂದು ಗಳಿಗೆ ಕಾಣಿಸಿಕೊಳ್ಳುತ್ತಾರೆ. ನಿಮ್ಮ ಮಗನಿಗೆ ತೋರಿಸಿ, ಖುಷಿಪಡುತ್ತಾನೆ.

ಇದೇ ಸಿನಿಮಾದ ಕಟ್ಟಕಡೆಯ ನಿಮಿಷದಲ್ಲಿ ವಿನ್ ಡೀಸೆಲ್ ಬಂದು ಹೋಗುತ್ತಾರೆ. ಅದಕ್ಕೆ ಸಂಭಾವನೆಯ ಬದಲು ಅವರು ಕೇಳಿದ್ದು, ತಾವೇ ನಾಯಕನಾಗಿದ್ದ ಇನ್ನೊಂದು ಸರಣಿಯ, ಯೂನಿವರ್ಸಲ್ ಕೈಯಲ್ಲಿದ್ದ ರಿಡಿಕ್ ಪಾತ್ರದ ಹಕ್ಕನ್ನು. ಸ್ಟುಡಿಯೋ ಕೊಟ್ಟಿತು. ಆ ಒಂದು ನಿಮಿಷದಿಂದ ಡೀಸೆಲ್ ಮನೆಗೆ ಮರಳುವ ಬಾಗಿಲು ತೆರೆಯಿತು. ಮೂರು ವರ್ಷದ ಮೇಲೆ ನಾಲ್ಕನೆಯದರಲ್ಲಿ ಮೊದಲ ಸಿನಿಮಾದ ನಾಲ್ವರೂ ಒಟ್ಟಿಗೆ ಬಂದರು, ಗಳಿಕೆ 36 ಕೋಟಿ ಡಾಲರ್‌ಗೆ ಹಾರಿತು. ಸಿನಿಮಾ ಅಷ್ಟಕ್ಕಷ್ಟೆ, ನನಗಂತೂ ಎರಡನೆಯ ಸಲ ನೋಡಬೇಕೆನಿಸಿಲ್ಲ. ಆದರೆ ಜನರಿಗೆ ಬೇಕಿದ್ದದ್ದು ಆ ಮುಖಗಳು ಎಂಬುದು ಸ್ಟುಡಿಯೋಗೆ ಖಚಿತವಾಯಿತು.

ಲಿನ್‌ಗೆ ಹಾನ್‌ನನ್ನು ಬಿಡಲು ಮನಸ್ಸಿಲ್ಲ, ಹಾನ್ ಸತ್ತಾಗಿದೆ. ಅದಕ್ಕೆ ಅವರು ಕಂಡುಕೊಂಡ ದಾರಿ ವಿಚಿತ್ರವಾದರೂ ಜಾಣತನದ್ದು: ನಾಲ್ಕು, ಐದು, ಆರು, ಈ ಮೂರೂ ಕಥೆ ‘ಟೋಕಿಯೊ ಡ್ರಿಫ್ಟ್’ಗಿಂತ ಮೊದಲು ನಡೆದದ್ದು ಎಂದು ಇಟ್ಟುಕೊಂಡರು. ಆರನೆಯದರ ಕೊನೆಗೆ ಕಾಲ ಬಂದು ಕೂಡಿಕೊಳ್ಳುತ್ತದೆ. ಟೋಕಿಯೊದ ಅದೇ ಅಪಘಾತವನ್ನು ಮತ್ತೆ ತೋರಿಸಿ, ಅದು ಅಪಘಾತವಲ್ಲ, ಜೇಸನ್ ಸ್ಟೇಥಮ್‌ನ ಪಾತ್ರ ಮಾಡಿದ ಕೊಲೆ ಎಂದು ಹೇಳುತ್ತಾರೆ. ಸೋತ ಸಿನಿಮಾವೊಂದನ್ನು ಏಳು ವರ್ಷದ ಮೇಲೆ ಇಡೀ ಸರಣಿಯ ಕೀಲು ಮಾಡಿಕೊಂಡ ಉದಾಹರಣೆ ಇದರಂಥದ್ದು ಬೇರೆ ನನಗೆ ಥಟ್ಟನೆ ಹೊಳೆಯುವುದಿಲ್ಲ.

ಈಗ ಐದನೆಯದಕ್ಕೆ ಮರಳೋಣ. ರೇಸ್ ಬಿಟ್ಟಿತು ಎಂದೆನಲ್ಲ, ಹಾಗಾದರೆ ಅದು ಕೆಟ್ಟ ಸಿನಿಮಾವೇ? ಖಂಡಿತ ಅಲ್ಲ. ಇಡೀ ಸರಣಿಯಲ್ಲಿ ಅತಿ ಚೆನ್ನಾಗಿ ಕಟ್ಟಿದ ಸಿನಿಮಾ ಅದೇ ಎಂಬುದು ನನ್ನ ಅಭಿಪ್ರಾಯ. ಹಿಂದಿನ ನಾಲ್ಕರಿಂದ ಒಬ್ಬೊಬ್ಬರನ್ನು ಆಯ್ದು ಒಂದು ತಂಡ ಕಟ್ಟಿದರು. ಎದುರಿಗೆ ಡ್ವೇನ್ ಜಾನ್ಸನ್‌ನಂಥ ಬೆಟ್ಟದ ದೇಹವನ್ನು ನಿಲ್ಲಿಸಿದರು. ಗುರಿ, ಪೊಲೀಸ್ ಠಾಣೆಯೊಳಗಿರುವ ಕಳ್ಳ ಧನಿಕನೊಬ್ಬನ ತಿಜೋರಿ. ಕೊನೆಯಲ್ಲಿ ಎರಡು ಡಾಡ್ಜ್ ಚಾರ್ಜರ್ ಕಾರುಗಳು ಉಕ್ಕಿನ ಹಗ್ಗ ಕಟ್ಟಿ ಆ ತಿಜೋರಿಯನ್ನು ಗೋಡೆಯಿಂದ ಕಿತ್ತು ಊರ ಬೀದಿಗಳಲ್ಲಿ ಎಳೆದುಕೊಂಡು ಓಡುತ್ತವೆ.

ನಿಜ ಜಗತ್ತಿನಲ್ಲಿ ಅಷ್ಟು ಭಾರವನ್ನು ಎರಡು ಕಾರು ಆ ವೇಗದಲ್ಲಿ ಎಳೆಯಲಾರವು. ಆದರೂ ನೋಡುವಾಗ ನಂಬಿಕೆ ಬರುತ್ತದೆ, ಯಾಕೆಂದರೆ ಅಲ್ಲಿ ನಿಜವಾದ ಲೋಹ ನಿಜವಾದ ರಸ್ತೆಯ ಮೇಲೆ ಉಜ್ಜುತ್ತಿದೆ. ಕಥೆ ರಿಯೊದ್ದಾದರೂ ಆ ಓಟದ ಬಹುಪಾಲು ತೆಗೆದದ್ದು ಪೋರ್ಟೊ ರಿಕೊದ ಸಾನ್ ಹುವಾನ್‌ನಲ್ಲಿ, ಕೊನೆಯ ಭಾಗ ಅಲ್ಲಿನ ಉದ್ದನೆಯ ಸೇತುವೆಯ ಮೇಲೆ. ಬೇರೆ ಬೇರೆ ಶಾಟ್‌ಗೆಂದು ಹಲವು ತಿಜೋರಿ ಮಾಡಿಸಿದ್ದರು. ಅವುಗಳಲ್ಲಿ ಒಂದರ ಒಳಗೆ ಇಂಜಿನ್ನೂ ಚಾಲಕನೂ ಇದ್ದು, ಅದು ತಾನೇ ಓಡುವ ವಾಹನವಾಗಿತ್ತು. ತಿಜೋರಿ ತಿರುವಿನಲ್ಲಿ ಅಡ್ಡ ಬೀಸಿ ಅಂಗಡಿಯ ಮುಂಗಟ್ಟಿಗೆ ಹೊಡೆದಾಗ, ಎಳೆಯುವ ಕಾರು ಆ ಭಾರಕ್ಕೆ ಹಿಂದಕ್ಕೆ ಜಗ್ಗಿಹೋಗುತ್ತದೆ. ಬ್ರಯಾನ್ ಮತ್ತು ಡಾಮ್ ಒಬ್ಬರ ಓಟಕ್ಕೆ ಇನ್ನೊಬ್ಬರು ಹೊಂದಿಕೊಂಡು ಸ್ಟೀರಿಂಗ್ ತಿರುಗಿಸಬೇಕು, ಇಲ್ಲವಾದರೆ ಇಬ್ಬರೂ ಹೋದರು. ಇಲ್ಲಿ ಕಾರು ಆಯುಧವಾಗಿದೆ ನಿಜ, ಆದರೆ ಅದನ್ನು ಓಡಿಸುವುದು ಇನ್ನೂ ಕಷ್ಟದ ಕೆಲಸವಾಗಿಯೇ ಉಳಿದಿದೆ. ತೂಕ ಇರುವವರೆಗೆ ಭಯ ಇರುತ್ತದೆ.

ಗಳಿಕೆ 62.6 ಕೋಟಿ ಡಾಲರ್. ಸ್ಟುಡಿಯೋ ಹಿಂತಿರುಗಿ ನೋಡಲಿಲ್ಲ.

ಮುಂದೆ ನಡೆದದ್ದನ್ನು ಅರ್ಥ ಮಾಡಿಕೊಳ್ಳಲು ದುಡ್ಡು ಎಲ್ಲಿಂದ ಬಂತು ಎಂದು ನೋಡಬೇಕು. ಮೊದಲನೆಯದರ ಗಳಿಕೆಯಲ್ಲಿ ಹತ್ತರಲ್ಲಿ ಏಳು ಪಾಲು ಅಮೆರಿಕದ್ದು ಎಂದೆ. 2015ರ ಏಳನೆಯ ಭಾಗ 151 ಕೋಟಿ ಡಾಲರ್ ತಂದಾಗ ಅಮೆರಿಕದ ಪಾಲು ನಾಲ್ಕನೇ ಒಂದಕ್ಕಿಂತ ಕಡಿಮೆ. ಚೀನಾ ಒಂದರಿಂದಲೇ ಅಮೆರಿಕಕ್ಕಿಂತ ಹೆಚ್ಚು ಬಂತು. ನಮ್ಮಲ್ಲೂ ಅದು ನಿವ್ವಳ ಗಳಿಕೆಯಲ್ಲಿ ನೂರು ಕೋಟಿ ರೂಪಾಯಿ ದಾಟಿದ ಮೊದಲ ಹಾಲಿವುಡ್ ಸಿನಿಮಾ. ನಮ್ಮವರೇ ಆದ ಅಲಿ ಫಜಲ್‌ಗೆ ಅದರಲ್ಲಿ ಒಂದು ಪುಟ್ಟ ಪಾತ್ರವೂ ಇತ್ತು. ಹಿಂದಿ, ತಮಿಳು, ತೆಲುಗಿನಲ್ಲಿ ಡಬ್ ಆಗಿ ಬಂತು. ಕನ್ನಡದಲ್ಲಿ ಆಗಿನ್ನೂ ಡಬ್ಬಿಂಗ್‌ಗೆ ದಾರಿ ತೆರೆದಿರಲಿಲ್ಲ, ನಮ್ಮ ಜನ ಬೇರೆ ಭಾಷೆಯಲ್ಲೇ ನೋಡಿದರು, ಯಾರಿಗೂ ಕಥೆ ತಪ್ಪಿಹೋಗಲಿಲ್ಲ.

ತಪ್ಪಿಹೋಗದಂತೆ ಅದನ್ನು ಕಟ್ಟಿದ್ದರು. ಲಾಸ್ ಏಂಜಲೀಸ್‌ನ ಯಾವ ಗುಂಪು ಯಾವ ಕಾರು ಓಡಿಸುತ್ತದೆ, ಯಾರಿಗೆ ಯಾರ ಮೇಲೆ ಹಗೆ, ಹೋಂಡಾ ಸಿವಿಕ್‌ಗೆ ಇಂಥದೇ ಬಿಡಿಭಾಗ ಯಾಕೆ ಹಾಕಬೇಕು, ಇವೆಲ್ಲ ಆ ಊರಿನವರಿಗೆ ಮಾತ್ರ ಪೂರ್ತಿ ಅರ್ಥವಾಗುವ ಸಂಗತಿಗಳು. ಅಬುಧಾಬಿಯ ಒಂದು ಗಗನಚುಂಬಿಯಿಂದ ಇನ್ನೊಂದಕ್ಕೆ ಕೆಂಪು ಕಾರು ಹಾರುವುದನ್ನು ಮಾತ್ರ ಬೀಜಿಂಗ್‌ನವರಿಗೂ ಬಿಡಿಸಿ ಹೇಳಬೇಕಿಲ್ಲ, ಬಳ್ಳಾರಿಯವರಿಗೂ ಬೇಕಿಲ್ಲ. ಕುಟುಂಬ ಎಂಬ ಮಾತೂ ಹಾಗೆಯೇ. ಮೊದಲ ಸಿನಿಮಾದಲ್ಲಿ ಡಾಮ್ ಮನೆಯ ಹಿತ್ತಲಲ್ಲಿ ಒಂದು ಊಟವಿದೆ. ಯಾರು ಮೊದಲು ಕೋಳಿಗೆ ಕೈಹಾಕುತ್ತಾರೋ ಅವರೇ ಪ್ರಾರ್ಥನೆ ಹೇಳಬೇಕು ಎಂಬ ಮನೆಯ ನಿಯಮ. ಬೀದಿಯ ಹುಡುಗರು ಕಟ್ಟಿಕೊಂಡ ಮನೆ ಅದು. ಆ ಊಟದ ಮೇಜನ್ನು ಲಿನ್ ಮತ್ತು ಮಾರ್ಗನ್ ಮುಂದಕ್ಕೆ ತಂದು ನಡುಮನೆಗೆ ಹಾಕಿದರು. ಕಾರು ಪಣವಾಗಿದ್ದ ಕಡೆ ಕುಟುಂಬ ಪಣವಾಯಿತು. ಈ ಬದಲಾವಣೆಯನ್ನು ಬರೀ ವ್ಯಾಪಾರ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಬೇರೆ ಬೇರೆ ಬಣ್ಣದ, ಬೇರೆ ಬೇರೆ ದೇಶದ ಇಷ್ಟು ಜನರನ್ನು ಒಂದೇ ಮೇಜಿನ ಸುತ್ತ ಸಮನಾಗಿ ಕೂರಿಸಿದ ಇಷ್ಟು ದೊಡ್ಡ ಹಾಲಿವುಡ್ ಸರಣಿ ಆಗ ಬೇರೆ ಇರಲಿಲ್ಲ. ಜಗತ್ತಿನ ಪ್ರೇಕ್ಷಕರು ಅದನ್ನು ಗುರುತಿಸಿದರು.

ಏಳನೆಯದರ ನಡುವೆ ಪಾಲ್ ವಾಕರ್ ತೀರಿಕೊಂಡರು. 2013ರ ನವೆಂಬರ್ 30. ದತ್ತಿ ಕಾರ್ಯಕ್ರಮವೊಂದರಿಂದ ಹೊರಟು, ಗೆಳೆಯ ಓಡಿಸುತ್ತಿದ್ದ ಪೋರ್ಷೆ ಕರೆರಾ ಜಿಟಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದರು. ಗಂಟೆಗೆ 72 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ ಕಾರು 130ರಿಂದ 150ರ ಆಸುಪಾಸಿನಲ್ಲಿತ್ತು ಎಂದು ತನಿಖೆ ಹೇಳಿತು. ನಿಮ್ಮ ಮಗ ಕಾರಿನ ಹುಚ್ಚಿನ ವಯಸ್ಸಿನವನಾದರೆ ಇದನ್ನು ಅವನಿಗೆ ಹೇಳಲೇಬೇಕು. ಅರ್ಧ ಮುಗಿದಿದ್ದ ಸಿನಿಮಾದ ಕಥೆಯನ್ನು ತಿದ್ದಿದರು, ವಾಕರ್‌ರ ತಮ್ಮಂದಿರಾದ ಕೇಲೆಬ್ ಮತ್ತು ಕೋಡಿ ಅಣ್ಣನ ಜಾಗದಲ್ಲಿ ನಿಂತರು, ವೇಟಾ ಡಿಜಿಟಲ್ ಸಂಸ್ಥೆ ಅವರ ಮೇಲೆ ಅಣ್ಣನ ಮುಖ ಕೂರಿಸಿತು. ಬ್ರಯಾನ್‌ನನ್ನು ಸಾಯಿಸಲಿಲ್ಲ. ಬಿಳಿ ಸುಪ್ರಾ ಒಂದು ಕವಲಿನಲ್ಲಿ ಬೇರೆ ದಾರಿ ಹಿಡಿದು ಹೋಗುತ್ತದೆ, ಅಷ್ಟೆ. ಅಷ್ಟು ಗದ್ದಲದ ಸಿನಿಮಾ ಆ ಕೊನೆಯ ನಿಮಿಷಗಳಲ್ಲಿ ತೋರಿದ ಸಂಯಮಕ್ಕೆ ನಿರ್ದೇಶಕ ಜೇಮ್ಸ್ ವಾನ್‌ಗೆ ನಮಸ್ಕಾರ ಹೇಳಬೇಕು.

ನನ್ನ ಪ್ರಕಾರ ಸರಣಿ ದಾರಿ ತಪ್ಪಿದ್ದು ರೇಸ್ ಬಿಟ್ಟಾಗಲ್ಲ, ಇದಾದ ಮೇಲೆ. ಎಂಟನೆಯದು ಹವಾನಾದಲ್ಲಿ ಒಳ್ಳೆಯ ಬೀದಿ ರೇಸಿನಿಂದಲೇ ಶುರುವಾಗಿ ಹಿಮದ ಮೇಲೆ ಜಲಾಂತರ್ಗಾಮಿಯೊಂದಿಗೆ ಮುಗಿಯುತ್ತದೆ. ರೇಸ್ ಎಂಬುದು ಊಟಕ್ಕೆ ಮುಂಚಿನ ಕೋಸಂಬರಿಯಾಗಿಬಿಟ್ಟಿದೆ. ಅದನ್ನೂ ಸಹಿಸಬಹುದು. ಸಹಿಸಲಾಗದ್ದು, ಹಾನ್‌ನ ಕೊಲೆಗಾರನೆಂದು ಎರಡು ಸಿನಿಮಾದಲ್ಲಿ ತೋರಿಸಿದ ಸ್ಟೇಥಮ್‌ನ ಪಾತ್ರವನ್ನು ಅದೇ ಕುಟುಂಬದ ಊಟಕ್ಕೆ ಕೂರಿಸಿದ್ದು. ಅಭಿಮಾನಿಗಳು ಹಾನ್‌ಗೆ ನ್ಯಾಯ ಬೇಕು ಎಂದು ದನಿಯೆತ್ತಿದರು. ಅದಕ್ಕೆ ಒಂಬತ್ತನೆಯದು ಕೊಟ್ಟ ಪರಿಹಾರ ನೀವೇ ನೋಡಿದ್ದೀರಿ: ಹಾನ್ ಸತ್ತೇ ಇರಲಿಲ್ಲ. ಸಂಗ್ ಕಾಂಗ್ ಮರಳಿದ್ದು ನನಗೂ ಸಂತೋಷವೇ. ಆದರೆ ಸಾವು ಹಿಂತಿರುಗುವುದಾದರೆ, ಆರನೆಯದರಲ್ಲಿ ಡಾಮ್‌ನ ಗೆಳತಿ ಲೆಟಿಯೂ ಹಾಗೇ ಹಿಂತಿರುಗಿದ್ದಳು, ಮುಂದಿನ ಯಾವ ಅಪಾಯಕ್ಕೆ ಪ್ರೇಕ್ಷಕ ಬೆಚ್ಚಬೇಕು?

ಕಾರಿನ ವಿಷಯದಲ್ಲೂ ಇದೇ ಆಯಿತು. ಏಳನೆಯದರಲ್ಲಿ ವಿಮಾನದಿಂದ ಉದುರುವ ಕಾರುಗಳ ದೃಶ್ಯ ನೂರಕ್ಕೆ ನೂರು ಅಸಾಧ್ಯವೆನಿಸಿದರೂ, ಪ್ಯಾರಾಚೂಟ್ ಕಟ್ಟಿದ ನಿಜವಾದ ಕಾರುಗಳನ್ನೇ ವಿಮಾನದಿಂದ ಉರುಳಿಸಿ ಚಿತ್ರೀಕರಿಸಿದ್ದರು. ಕಣ್ಣಿಗೆ ಅದು ತಿಳಿಯುತ್ತದೆ. ಒಂಬತ್ತನೆಯದರಲ್ಲಿ ರಾಕೆಟ್ ಕಟ್ಟಿಕೊಂಡ ಪಾಂಟಿಯಾಕ್ ಬಾಹ್ಯಾಕಾಶದಲ್ಲಿ ತೇಲುವಾಗ ಗೇರಿಲ್ಲ, ರಸ್ತೆಯಿಲ್ಲ, ಜಾರುವ ಚಕ್ರವಿಲ್ಲ. ಓಡಿಸುವವನು ತಪ್ಪು ಮಾಡಲು ಅಲ್ಲಿ ಅವಕಾಶವೇ ಇಲ್ಲ. ತಿಜೋರಿಗೆ ಇದ್ದ ತೂಕ ಇಲ್ಲಿ ಕಾರಿಗೂ ಇಲ್ಲ.

ಹತ್ತನೆಯದನ್ನು ನೀವು ಈಚೆಗೆ ನೋಡಿದ್ದೀರಲ್ಲ, ಅದರ ಖಳನಾಯಕ ಡಾಂಟೆ ಯಾರು? ಐದನೆಯದರಲ್ಲಿ ತಿಜೋರಿ ಕಳೆದುಕೊಂಡವನ ಮಗ. ಸಿನಿಮಾ ಶುರುವಾಗುವುದೇ ಆ ಸೇತುವೆಯ ದೃಶ್ಯವನ್ನು ಇನ್ನೊಮ್ಮೆ ತೋರಿಸಿ. ರಿಯೊದಲ್ಲಿ ಒಂದು ಬೀದಿ ರೇಸ್ ಕೂಡ ಇದೆ. ಅದರಲ್ಲಿ ಓಡಿಸುವವರಲ್ಲಿ ಒಬ್ಬ ಅದೇ ಡಿಯೊಗೊ, ಪೋರ್ಷೆ ಸೋತವನು. ಹನ್ನೆರಡು ವರ್ಷದ ಹಿಂದೆ ನಮಗೆ ತೋರಿಸದೆ ಬಿಟ್ಟ ರೇಸಿನ ಮನುಷ್ಯ ಕೊನೆಗೂ ಪರದೆಯ ಮೇಲೆ ಓಡಿಸುತ್ತಿದ್ದಾನೆ. ಆದರೆ ಕಾರಿನಡಿಯಲ್ಲಿ ಬಾಂಬು ಕಟ್ಟಿದ್ದಾರೆ. ಯಾರು ಮೊದಲು ಗೆರೆ ಮುಟ್ಟುತ್ತಾರೆ ಎಂಬುದಕ್ಕೆ ಅಲ್ಲಿ ಅರ್ಥವೇ ಇಲ್ಲ, ಡಾಮ್ ಯಾರನ್ನು ಉಳಿಸುತ್ತಾನೆ ಎಂಬುದಷ್ಟೇ ಪ್ರಶ್ನೆ. ಡಿಯೊಗೊ ಉಳಿಯುವುದಿಲ್ಲ.

ಆ ಸಿನಿಮಾಕ್ಕೆ ಆದ ಖರ್ಚು ಸುಮಾರು 34 ಕೋಟಿ ಡಾಲರ್, ಮೊದಲನೆಯದರ ಒಂಬತ್ತು ಪಟ್ಟು. ಜಗತ್ತಿನ ಗಳಿಕೆ 70 ಕೋಟಿಯ ಮೇಲೆ, ಅಂದರೆ ಏಳನೆಯದರ ಅರ್ಧಕ್ಕಿಂತ ಕಡಿಮೆ. ಅಮೆರಿಕದಲ್ಲಿ ಬಂದದ್ದು 14.6 ಕೋಟಿ. 2001ರ 14.4 ನೆನಪಿದೆಯಲ್ಲ? ಇಪ್ಪತ್ತೆರಡು ವರ್ಷದಲ್ಲಿ ಟಿಕೆಟ್ ದರ ಏರಿದ್ದನ್ನು ಗಣನೆಗೆ ತೆಗೆದುಕೊಂಡರೆ, ಲಾಸ್ ಏಂಜಲೀಸ್‌ನ ಬೀದಿಯಲ್ಲಿ 402 ಮೀಟರ್ ಓಡಿದ ಸಿನಿಮಾವನ್ನು ಅದರ ತವರಿನಲ್ಲಿ ಇದಕ್ಕಿಂತ ಹೆಚ್ಚು ಜನ ನೋಡಿದ್ದರು.

ಈ ಲೆಕ್ಕ ಅವರಿಗೂ ಅರ್ಥವಾಗಿದೆ ಎಂದು ಕಾಣುತ್ತದೆ. ಮುಂದಿನ, ಕೊನೆಯದೆನ್ನುವ ಭಾಗದಲ್ಲಿ ಕಥೆ ಲಾಸ್ ಏಂಜಲೀಸ್‌ಗೆ, ಬೀದಿ ರೇಸಿಗೆ ಮರಳುತ್ತದೆ ಎಂದು ವಿನ್ ಡೀಸೆಲ್ ಬಹಿರಂಗವಾಗಿಯೇ ಹೇಳಿದ್ದಾರೆ. ಬ್ರಯಾನ್ ಮತ್ತು ಡಾಮ್ ಮತ್ತೆ ಒಂದಾಗಬೇಕು ಎಂದೂ ಹೇಳಿದ್ದಾರೆ. ಈ ಎರಡನೆಯ ಮಾತಿನ ಬಗ್ಗೆ ನನಗೆ ಅಳುಕಿದೆ. ಏಳನೆಯದರಲ್ಲಿ ಅಷ್ಟು ಚೆನ್ನಾಗಿ ಬೀಳ್ಕೊಟ್ಟವರನ್ನು ಕಂಪ್ಯೂಟರಿನಿಂದ ಎಬ್ಬಿಸಿ ತರುವುದು ಬೇಡ. ಬೀದಿ ರೇಸಿಗೆ ಮರಳುವ ಕೆಲಸವನ್ನು ಮಾಡಲಿ. ಅದಕ್ಕೆ 34 ಕೋಟಿ ಬೇಕಿಲ್ಲ. ಸೋಲಬಹುದಾದ ಒಬ್ಬ ಓಡಿಸುವವ, ಕಳೆದುಕೊಂಡರೆ ನೋವಾಗುವ ಒಂದು ಕಾರು ಇದ್ದರೆ ಆಯಿತು.

ಇನ್ನು ಮಗನಿಗೆ ತೋರಿಸುವ ಕ್ರಮ. ಕಥೆಯ ಕಾಲಕ್ರಮ ಎಂದು ಮೂರನೆಯದನ್ನು ಆರರ ಆಚೆಗೆ ಇಡುವವರಿದ್ದಾರೆ, ಹಾಗೆ ಮಾಡಬೇಡಿ. ಬಿಡುಗಡೆಯ ಕ್ರಮದಲ್ಲೇ ತೋರಿಸಿ. ಹಾನ್ ಸತ್ತದ್ದು ಮೊದಲೇ ಗೊತ್ತಿದ್ದು, ಆಮೇಲೆ ಐದನೆಯದರಲ್ಲಿ ಅವನು ನಗುತ್ತಾ ಕುರುಕಲು ತಿನ್ನುತ್ತಾ ಓಡಾಡುವುದನ್ನು ನೋಡುವಾಗ ಆಗುವ ಸಂಕಟ, ಕ್ರಮ ಬದಲಿಸಿದರೆ ಸಿಗುವುದಿಲ್ಲ. ಎಲ್ಲವನ್ನೂ ನೋಡುವ ಪುರುಸೊತ್ತಿಲ್ಲವೆಂದರೆ ಒಂದು, ಮೂರು, ಐದು, ಏಳು, ಈ ನಾಲ್ಕು ಸಾಕು. ನಡುವೆ ಏನೇನಾಯಿತು ಎಂಬುದನ್ನು ನೀವೇ ಬಾಯಿಮಾತಿನಲ್ಲಿ ಹೇಳಿದರೆ ಅವನಿಗೆ ಅರ್ಥವಾಗುತ್ತದೆ. ಐದನೆಯದು ಹಾಕಿದಾಗ ಆ ನೀಲಿ ಪೋರ್ಷೆಯ ಕಟ್ ಬರುವ ಹೊತ್ತಿಗೆ ಒಂದು ಸಲ ನಿಲ್ಲಿಸಿ, ‘ರೇಸ್ ಎಲ್ಲಿ ಹೋಯಿತು?’ ಎಂದು ಅವನನ್ನೇ ಕೇಳಿ ನೋಡಿ.